ಸ್ಕೂಟರ್‌ಗೆ ಕ್ಯಾಮೆರಾ ಕೂರಿಸುವುದು ಹೇಗೆ: ಮಿರರ್ ಬುಡದಿಂದ ಮೆಮೊರಿ ಕಾರ್ಡ್‌ವರೆಗೆ

ನನ್ನ ಮೊದಲ ಸ್ಕೂಟರ್ ವಿಡಿಯೊ ಎರಡು ಗಂಟೆಯದ್ದು. ಅದರಲ್ಲಿ ನೋಡುವ ಹಾಗಿದ್ದದ್ದು ಹನ್ನೊಂದೇ ಸೆಕೆಂಡು. ಅದೂ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ ನಿಂತಿದ್ದಾಗಿನದು. ಉಳಿದ ಹೊತ್ತೆಲ್ಲ ರಸ್ತೆ, ಮರ, ಕಂಬ ಎಲ್ಲವೂ ನೀರಿನಲ್ಲಿ ಮುಳುಗಿದ ಹಾಗೆ ಬಳುಕುತ್ತಿದ್ದವು. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡೆ. ಸೆಟ್ಟಿಂಗ್ ಎಲ್ಲ ಬದಲಿಸಿದೆ. ಏನೂ ಸುಧಾರಿಸಲಿಲ್ಲ. ಕೊನೆಗೆ ಕ್ಯಾಮೆರಾ ಹಿಡಿದಿದ್ದ ಉದ್ದನೆಯ ತೋಳನ್ನು ಬಿಚ್ಚಿ, ಅದರ ಮೂರು ಕೀಲುಗಳಲ್ಲಿ ಎರಡನ್ನು ತೆಗೆದು ಮತ್ತೆ ಕೂರಿಸಿದೆ. ಅದೇ ಕ್ಯಾಮೆರಾ, ಅದೇ ರಸ್ತೆ, ಅದೇ ಸೆಟ್ಟಿಂಗ್. ಈ ಸಲ ಕಂಬಗಳು ಕಂಬದ ಹಾಗೆ ನೆಟ್ಟಗೆ ನಿಂತವು.

ಅಂದಿನಿಂದ ಕ್ಯಾಮೆರಾ ಬಗ್ಗೆ ಯಾರು ಏನು ಕೇಳಿದರೂ ನಾನು ಮೊದಲು ಮೌಂಟ್, ಅಂದರೆ ಕ್ಯಾಮೆರಾವನ್ನು ಹಿಡಿದಿಡುವ ಭಾಗ ತೋರಿಸಿ ಅನ್ನುತ್ತೇನೆ. ಮೌಂಟ್ ಗಟ್ಟಿಯಾಗಿರಬೇಕು, ಗಿಡ್ಡಗಿರಬೇಕು. ಶಟರ್, ಫಿಲ್ಟರ್, ಸ್ಟೆಬಿಲೈಸೇಶನ್ (ಚಿತ್ರದ ಅಲುಗಾಟ ತಗ್ಗಿಸುವ ಸೌಲಭ್ಯ) ಎಲ್ಲ ಅದರ ಆಮೇಲಿನ ಮಾತು.

ಮೊದಲು, ಏನು ಕಾಣಬೇಕು?

ಮೌಂಟ್ ಕೊಳ್ಳುವ ಮೊದಲು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದುಕೊಂಡು, ನಿಂತ ಸ್ಕೂಟರ್ ಮೇಲೆ ಕೂತು ಒಂದೊಂದೇ ಜಾಗದಲ್ಲಿ ಇಟ್ಟು ನೋಡಿ. ಐದು ನಿಮಿಷದ ಕೆಲಸ. ಆದರೆ ಬೇಡದ ಮೌಂಟ್‌ಗಳನ್ನು ಕೊಳ್ಳುವುದು ತಪ್ಪುತ್ತದೆ. ಡ್ರಾಯರ್‌ನಲ್ಲಿ ಅಂಥವು ನನ್ನ ಬಳಿ ಬೇಕಾದಷ್ಟಿವೆ.

ಹ್ಯಾಂಡಲ್ ಮೇಲೆ ಇಟ್ಟರೆ ಕ್ಯಾಮೆರಾ ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ವೇಗದಲ್ಲಿ ಹೋಗುವಾಗ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಆಗ ಹ್ಯಾಂಡಲ್ ತಿರುಗುವುದು ಬಹಳ ಕಡಿಮೆ. ನಿಧಾನವಾಗಿ ಗಲ್ಲಿಯಲ್ಲಿ ತಿರುಗುವಾಗ ಮಾತ್ರ ದೃಶ್ಯ ಸರಕ್ಕನೆ ಪಕ್ಕಕ್ಕೆ ಓಡುತ್ತದೆ. ಮುಂದಿನ ಏಪ್ರನ್ (ಕಾಲಿನ ಮುಂದಿರುವ ಅಗಲ ಹಲಗೆಯಂಥ ಭಾಗ) ಅಥವಾ ಹಿಂದಿನ ಹಿಡಿಕೆ ಸ್ಕೂಟರ್‌ನ ಮೈಗೆ ಸೇರಿದ್ದು. ಅಲ್ಲಿ ಕೂರಿಸಿದರೆ ದೃಶ್ಯ ಸ್ಕೂಟರ್ ಹೋಗುವ ಕಡೆಗೇ ನೋಡುತ್ತದೆ. ಹೆಲ್ಮೆಟ್ ಮೇಲಿದ್ದರೆ ನೀವು ನೋಡಿದ ಕಡೆ ನೋಡುತ್ತದೆ. ನೀವು ಒಂದು ಕಿಲೋಮೀಟರ್‌ಗೆ ಎಷ್ಟು ಸಲ ಮಿರರ್ ನೋಡುತ್ತೀರಿ ಅಂತ ಅವತ್ತು ನಿಮಗೇ ಗೊತ್ತಾಗುತ್ತದೆ.

ಮುಂದಿನ ಮಡ್‌ಗಾರ್ಡ್ ಮತ್ತು ಫೋರ್ಕ್ ಮಾತ್ರ ಬೇಡ. ಅವು ಸಸ್ಪೆನ್ಶನ್‌ನ ಕೆಳಗಿವೆ. ರಸ್ತೆಯ ಒಂದೊಂದು ಕಲ್ಲೂ ನೇರವಾಗಿ ಕ್ಯಾಮೆರಾಗೆ ಬಡಿಯುತ್ತದೆ. ಜೊತೆಗೆ, ಅಲ್ಲಿಂದ ಕಳಚಿದ ಕ್ಯಾಮೆರಾ ಬೀಳುವುದು ಮುಂದಿನ ಚಕ್ರದೊಳಗೆ.

ವೇಗ ಜಾಸ್ತಿ ಅನ್ನಿಸಬೇಕು ಅಂದರೆ ಕ್ಯಾಮೆರಾ ನೆಲಕ್ಕೆ ಹತ್ತಿರ ಇರಲಿ, ಲೆನ್ಸ್ ವೈಡ್ ಇರಲಿ. 40 ಕಿ.ಮೀ. ವೇಗವೂ ಹಾರಿದ ಹಾಗೆ ಕಾಣುತ್ತದೆ. ಊರು, ಜನ, ಸುತ್ತಲಿನ ನೋಟ ಮುಖ್ಯವಾದರೆ ಎದೆಯ ಎತ್ತರವೇ ಚೆನ್ನ. ಚೌಕಟ್ಟಿನ ಕೆಳಗೆ ಹ್ಯಾಂಡಲ್‌ನ ಒಂದು ತುದಿ ಅಥವಾ ಮಿರರ್ ಇಣುಕುತ್ತಿದ್ದರೆ ನೋಡುವವರಿಗೆ ತಾವೇ ಸೀಟಿನ ಮೇಲೆ ಕೂತ ಹಾಗಿರುತ್ತದೆ. ಬರೀ ರಸ್ತೆ ಕಂಡರೆ ಅದು ಯಾರ ವಿಡಿಯೊ ಬೇಕಾದರೂ ಆಗಬಹುದು, ಅಲ್ವಾ?

ಕ್ಯಾಮೆರಾ ಯಾವುದು?

ಗೋಪ್ರೊ, ಡಿಜೆಐ ಆಸ್ಮೊ ಆ್ಯಕ್ಷನ್ ಥರದ ಪುಟ್ಟ ಆ್ಯಕ್ಷನ್ ಕ್ಯಾಮೆರಾ ಇದ್ದರೆ ಚಿಂತೆ ಇಲ್ಲ. ತೂಕ ಸುಮಾರು 150 ಗ್ರಾಂ. ಒಳಗೆ ಅಲುಗಾಡುವ ಲೆನ್ಸ್ ಇಲ್ಲ. ಸ್ಟೆಬಿಲೈಸೇಶನ್ ಎಲ್ಲ ಲೆಕ್ಕಾಚಾರದಲ್ಲೇ ನಡೆಯುತ್ತದೆ. ಹಳೆಯ ಮಾಡೆಲ್ ಆದರೂ ಸಾಕು.

ಫೋನ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಈಗಿನ ಅನೇಕ ಫೋನ್‌ಗಳಲ್ಲಿ ಕೈ ನಡುಗಿದರೂ ಚಿತ್ರ ನಿಲ್ಲಲಿ ಅಂತ ಲೆನ್ಸನ್ನೋ ಸೆನ್ಸರನ್ನೋ ಅಯಸ್ಕಾಂತದ ಮೇಲೆ ತೇಲಿಸಿರುತ್ತಾರೆ. ಎಂಜಿನ್‌ನ ನಡುಕ ಈ ಭಾಗವನ್ನು ಹಾಳು ಮಾಡಬಹುದು. 2021ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿಯೇ ಈ ಎಚ್ಚರಿಕೆ ಕೊಟ್ಟಿತು. ದೊಡ್ಡ ಬೈಕ್‌ಗಳಿಗೆ ಐಫೋನ್ ಕಟ್ಟಬೇಡಿ, ಸ್ಕೂಟರ್, ಮೊಪೆಡ್‌ಗಳ ನಡುಕ ಕಡಿಮೆಯಾದರೂ ನಡುಕ ತಗ್ಗಿಸುವ ಮೌಂಟ್ ಬಳಸಿ ಅಂದಿತು. ಆದ್ದರಿಂದ ದಿನಾ ಬಳಸುವ ಫೋನನ್ನು ಕಟ್ಟಬೇಡಿ. ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನ್ ಇದ್ದರೆ ಅದರಲ್ಲಿ ಪ್ರಯೋಗ ಮಾಡಿ.

360 ಡಿಗ್ರಿ ಕ್ಯಾಮೆರಾದ ಮಜವೇ ಬೇರೆ. ಕೋಲಿನ ತುದಿಗೆ ಕಟ್ಟಿದರೆ ಕೋಲು ಚಿತ್ರದಲ್ಲಿ ಮಾಯವಾಗುತ್ತದೆ, ಯಾರೋ ಹಿಂದೆ ಹಾರುತ್ತಾ ಚಿತ್ರ ತೆಗೆದ ಹಾಗೆ ಕಾಣುತ್ತದೆ. ಆದರೆ ಕೋಲು ಅಂದಮೇಲೆ ಅದು ಗಿಡ್ಡಗಿರುವುದಿಲ್ಲ. ಆರಂಭಕ್ಕೆ ಇದು ಬೇಡ.

ನಡುಕ ಬರುವುದು ಎಲ್ಲಿಂದ?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಹೆಚ್ಚಿನ ಸ್ಕೂಟರ್‌ಗಳಿಗೆ ಒಂದೇ ಸಿಲಿಂಡರ್. ಎಂಜಿನ್ ನಿಮಿಷಕ್ಕೆ 6,000 ಸಲ ತಿರುಗುತ್ತಿದ್ದರೆ ಸೆಕೆಂಡಿಗೆ 100 ಸಲ ಅದುರುತ್ತದೆ. ನೀವು ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ ತೆಗೆಯುತ್ತಿದ್ದೀರಿ ಅನ್ನಿ. ಒಂದು ಫ್ರೇಮ್‌ನ ಹೊತ್ತಿಗೆ ಮೂರಕ್ಕಿಂತ ಜಾಸ್ತಿ ಅದುರಾಟ ಆಗಿಹೋಗಿರುತ್ತದೆ.

ಕ್ಯಾಮೆರಾದ ಸೆನ್ಸರ್ ಚಿತ್ರವನ್ನು ಒಮ್ಮೆಲೇ ಓದುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತಾ ಬರುತ್ತದೆ. ಮೇಲಿನ ಸಾಲು ಓದುವಾಗ ಕ್ಯಾಮೆರಾ ಎಡಕ್ಕೆ, ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಬಲಕ್ಕೆ ಹೋಗಿರುತ್ತದೆ. ನೆಟ್ಟಗಿನ ಕಂಬ ಹಾವಿನ ಹಾಗೆ ಬಳುಕುವುದು ಇದಕ್ಕೇ. ಸ್ಟೆಬಿಲೈಸೇಶನ್ ಮುಖ್ಯವಾಗಿ ಒಂದು ಫ್ರೇಮ್‌ಗೂ ಇನ್ನೊಂದು ಫ್ರೇಮ್‌ಗೂ ನಡುವಿನ ಅಲುಗಾಟವನ್ನು ಸರಿಮಾಡುತ್ತದೆ. ಫ್ರೇಮ್‌ನ ಒಳಗೇ ಆದ ಬಳುಕನ್ನು ಪೂರ್ತಿ ತೆಗೆಯಲು ಅದಕ್ಕೆ ಆಗುವುದಿಲ್ಲ. ಅದನ್ನು ತಡೆಯುವ ಜಾಗ ಒಂದೇ, ಮೌಂಟ್.

ಒಂದು ತುದಿಯಲ್ಲಿ ಹಿಡಿದ ಸ್ಕೇಲಿನ ಇನ್ನೊಂದು ತುದಿ ಮೀಟಿ ನೋಡಿ. ಹೊರಗೆ ಚಾಚಿದ ಭಾಗವನ್ನು ಎರಡರಷ್ಟು ಉದ್ದ ಮಾಡಿದರೆ, ಅದೇ ಬಲಕ್ಕೆ ತುದಿ ಎಂಟು ಪಟ್ಟು ಜಾಸ್ತಿ ಬಾಗುತ್ತದೆ. ಕ್ಯಾಮೆರಾದ ತೋಳಿಗೂ ಇದೇ ಲೆಕ್ಕ. 5 ಸೆಂಟಿಮೀಟರ್ ತೋಳಿನ ಬದಲು 10 ಹಾಕಿದರೆ ನಡುಕ ಎರಡು ಪಟ್ಟು ಅಂದುಕೊಳ್ಳಬೇಡಿ. ಇನ್ನು ಕೀಲುಗಳು. ಒಂದೊಂದು ಕೀಲೂ ಸ್ವಲ್ಪ ಸಡಿಲ. ಮೂರು ಕೀಲು ಇದ್ದರೆ ಮೂರು ಸಡಿಲ ಸೇರಿ ತುದಿಯಲ್ಲಿ ಕುಣಿತ.

ಹಾಗಾದರೆ ರಬ್ಬರ್ ಹಾಕಿದರಾಯಿತಲ್ಲ ಅನ್ನುತ್ತಾರೆ. ನಾನೂ ಹಾಕಿದ್ದೆ. ಕ್ಲಾಂಪ್‌ನ (ಸುತ್ತಲೂ ಬಿಗಿಯುವ ಹಿಡಿಯ) ಒಳಗೆ ಸೈಕಲ್ ಟ್ಯೂಬ್‌ನ ದಪ್ಪ ಸುತ್ತು. ವಿಡಿಯೊ ಮೊದಲಿಗಿಂತ ಕೆಟ್ಟದಾಯಿತು. ರಬ್ಬರ್ ಮೇಲಿನ ಕ್ಯಾಮೆರಾಗೆ ತನ್ನದೇ ಒಂದು ತೂಗುವ ಲಯ ಇರುತ್ತದೆ. ಎಂಜಿನ್‌ನ ಅದುರು ಆ ಲಯಕ್ಕಿಂತ ಬಹಳ ವೇಗವಾಗಿದ್ದರೆ ಮಾತ್ರ ರಬ್ಬರ್ ಅದನ್ನು ನುಂಗುತ್ತದೆ. ಎರಡೂ ಹತ್ತಿರ ಹತ್ತಿರ ಇದ್ದರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ನಡುಕ ಬೆಳೆಯುತ್ತದೆ. ಕ್ಲಾಂಪ್ ಜಾರದಿರಲು ಒಂದು ತೆಳು ರಬ್ಬರ್ ಪಟ್ಟಿ ಸರಿ. ಮೆತ್ತೆ ಬೇಡ. ಫೋನ್‌ಗಳಿಗೆಂದೇ ಲೆಕ್ಕ ಹಾಕಿ ಮಾಡಿದ ಡ್ಯಾಂಪರ್‌ಗಳ ಕಥೆ ಬೇರೆ. ಅವನ್ನು ಫೋನ್‌ಗೇ ಇಡಿ.

ಎಲೆಕ್ಟ್ರಿಕ್ ಸ್ಕೂಟರ್ ಇರುವವರು ಪುಣ್ಯವಂತರು. ಅವರಿಗೆ ರಸ್ತೆಯ ಕುಲುಕಾಟ ಬಿಟ್ಟರೆ ಹೆಚ್ಚಿನ ತೊಂದರೆ ಇಲ್ಲ.

ಮಿರರ್ ಬುಡದಲ್ಲಿ ಕೂರಿಸುವುದು

ಬೈಕ್‌ಗೆ ಹೇಳಿದ ಸಲಹೆಗಳು ಸ್ಕೂಟರ್‌ಗೆ ಹೊಂದದಿರುವುದು ಇಲ್ಲೇ. ಬೈಕ್‌ನಲ್ಲಿ 22 ಮಿಲಿಮೀಟರ್ ದಪ್ಪದ ಬರೀ ಪೈಪ್ ಹ್ಯಾಂಡಲ್ ಕಣ್ಣಿಗೆ ಕಾಣುತ್ತದೆ, ಕ್ಲಾಂಪ್ ಬಿಗಿದರೆ ಮುಗಿಯಿತು. ಸ್ಕೂಟರ್‌ನಲ್ಲಿ ಆ ಪೈಪನ್ನು ಪ್ಲಾಸ್ಟಿಕ್ ಕವರ್ ಮುಚ್ಚಿರುತ್ತದೆ. ಆದರೆ ಮಿರರ್‌ನ ಕಡ್ಡಿ ಕವರ್ ತೂರಿಕೊಂಡು ಒಳಗಿನ ಲೋಹಕ್ಕೆ ತಿರುಪಿರುತ್ತದೆ. ಗಟ್ಟಿಯಾದ ಲೋಹ ಹೊರಗೆ ಸಿಗುವ ಜಾಗ ಅದೊಂದೇ ಅನ್ನಬಹುದು.

ಇಲ್ಲಿ ಎರಡು ದಾರಿ. ಒಂದು, ಕಡ್ಡಿಗೇ ಪುಟ್ಟ ಕ್ಲಾಂಪ್ ಬಿಗಿಯುವುದು. ಸುಲಭ, ಆದರೆ ಕಡ್ಡಿ ತಾನೇ ತೆಳ್ಳಗೆ, ಅದೇ ಅದುರುತ್ತದೆ. ಇನ್ನೊಂದು, ಮಿರರ್ ಬಿಚ್ಚಿ ಅದರ ಬುಡಕ್ಕೆ ತೂತಿರುವ ಲೋಹದ ಪಟ್ಟಿ ಸೇರಿಸಿ ಮತ್ತೆ ಬಿಗಿಯುವುದು. ನನ್ನ ಓಟು ಇದಕ್ಕೆ. ಹೀಗೆ ಮಾಡಿ:

1. ಮಿರರ್ ಥ್ರೆಡ್‌ನ, ಅಂದರೆ ಕಡ್ಡಿಯ ತುದಿಯ ತಿರುಪಿನ ಅಳತೆ ತಿಳಿದುಕೊಳ್ಳಿ. ಜಾಸ್ತಿ ಸಿಗುವುದು 10 ಮಿಲಿಮೀಟರ್, ಕೆಲವು ಸ್ಕೂಟರ್‌ಗಳಲ್ಲಿ 8. ಪಟ್ಟಿಯ ತೂತು ಅದಕ್ಕೆ ತಕ್ಕಂತಿರಲಿ. 8ರ ಬೋಲ್ಟ್‌ಗೆ 10ರ ತೂತು ಇದ್ದರೆ ಪಟ್ಟಿ ತಿರುಗುತ್ತಲೇ ಇರುತ್ತದೆ.

2. ಮಿರರ್ ಬುಡದ ರಬ್ಬರ್ ಟೋಪಿಯನ್ನು ಮೇಲಕ್ಕೆ ಸರಿಸಿ. ಕೆಳಗೆ ಲಾಕ್ ನಟ್ ಕಾಣುತ್ತದೆ. ಸ್ಪಾನರ್‌ನಿಂದ ಅದನ್ನು ಸಡಿಲಿಸಿ, ಆಮೇಲೆ ಕಡ್ಡಿಯನ್ನು ಕೈಯಿಂದ ತಿರುಗಿಸಿ ತೆಗೆಯಿರಿ. ಬರದಿದ್ದರೆ ಬಲ ಹಾಕಬೇಡಿ. ಯಮಹಾದ ಹಲವು ಮಾಡೆಲ್‌ಗಳಲ್ಲಿ ಬಲಗಡೆ ಮಿರರ್‌ಗೆ ಉಲ್ಟಾ ಥ್ರೆಡ್ ಇರುತ್ತದೆ. ಮುಂದಿನಿಂದ ಏನಾದರೂ ಬಡಿದರೆ ಕಡ್ಡಿ ಮುರಿಯುವ ಬದಲು ಸಡಿಲವಾಗಿ ಹಿಂದಕ್ಕೆ ತಿರುಗಲಿ ಅಂತ ಹಾಗೆ ಮಾಡಿರುತ್ತಾರೆ. ಇದು ಗೊತ್ತಿಲ್ಲದೆ ನಾನು ಒಮ್ಮೆ ಬಿಚ್ಚುತ್ತಿದ್ದೇನೆ ಅಂದುಕೊಂಡು ಹತ್ತು ನಿಮಿಷ ಬಿಗಿಯುತ್ತಾ ಕೂತಿದ್ದೆ.

3. ಪಟ್ಟಿ ಅಲ್ಯುಮಿನಿಯಂ ಅಥವಾ ಸ್ಟೀಲ್‌ನದ್ದಾಗಿರಲಿ, 3 ಮಿಲಿಮೀಟರ್ ದಪ್ಪ ಇರಲಿ. ಅದಕ್ಕಿಂತ ತೆಳುವಾದದ್ದು ಸ್ಪ್ರಿಂಗ್ ಹಾಗೆ ಕುಣಿಯುತ್ತದೆ. ಬಹಳ ದಪ್ಪವೂ ಬೇಡ. ಪಟ್ಟಿ ಎಷ್ಟು ದಪ್ಪವೋ ಅಷ್ಟು ಥ್ರೆಡ್ ಒಳಗೆ ಹೋಗುವುದು ಕಡಿಮೆಯಾಗುತ್ತದೆ. 10 ಮಿಲಿಮೀಟರ್ ಬೋಲ್ಟ್ ಆದರೆ ಕಡೇ ಪಕ್ಷ ಅಷ್ಟೇ ಉದ್ದ, ಅಂದರೆ 10 ಮಿಲಿಮೀಟರ್ ಥ್ರೆಡ್ ಒಳಗೆ ಕೂರಬೇಕು.

4. ಪಟ್ಟಿಯನ್ನು ಬುಡದ ಮೇಲೆ ಇಟ್ಟು ಮಿರರ್ ತಿರುಪಿ. ಪಟ್ಟಿ ಲೋಹದ ಮೇಲೆ ಕೂತಿದೆಯೋ ಪ್ಲಾಸ್ಟಿಕ್ ಕವರ್ ಮೇಲೆ ಕೂತಿದೆಯೋ ಬಗ್ಗಿ ನೋಡಿ. ಕವರ್ ಮೇಲೆ ಕೂತಿದ್ದರೆ ಬಿಗಿದಷ್ಟೂ ಕವರ್ ಬಿರುಕು ಬಿಡುತ್ತದೆ, ಮೌಂಟ್ ಬಿಗಿಯಾಗುವುದೂ ಇಲ್ಲ. ನಡುವೆ ಒಂದು ದಪ್ಪ ವಾಶರ್ ಹಾಕಿ ಎತ್ತರಿಸಿ.

5. ಕ್ಯಾಮೆರಾ ಮಿರರ್‌ನ ಒಳಗಡೆಗೆ, ಅಂದರೆ ಸ್ಕೂಟರ್‌ನ ನಡುಭಾಗದ ಕಡೆಗೆ ಬರುವ ಹಾಗೆ ಪಟ್ಟಿಯನ್ನು ತಿರುಗಿಸಿ. ಹೊರಗಡೆ ಚಾಚಿದರೆ ಪಕ್ಕದ ವಾಹನಕ್ಕೆ ತಾಗುವುದು ಖಂಡಿತ. ಮಿರರ್ ಕೋನ ಸರಿಮಾಡಿಕೊಂಡು ಲಾಕ್ ನಟ್ ಬಿಗಿಯಿರಿ.

6. ಪಟ್ಟಿಯ ಇನ್ನೊಂದು ತುದಿಗೆ ಕ್ಯಾಮೆರಾದ ತಲೆ. ಗೋಪ್ರೊ ಥರದ ಎರಡು ಬೆರಳು, ಮೂರು ಬೆರಳಿನ ಕೀಲು ಆಗಬಹುದು. ಟ್ರೈಪಾಡ್‌ಗೆ ಬಳಸುವ 1/4 ಇಂಚಿನ ತಿರುಪು ಆಗಬಹುದು. ಒಂದು ಇಂಚಿನ ರಬ್ಬರ್ ಗುಂಡಿನ ಬಾಲ್ ಮೌಂಟ್ ಕೂಡ ಚೆನ್ನಾಗಿ ಹಿಡಿಯುತ್ತದೆ. ಯಾವುದೇ ಇರಲಿ, ಕೀಲು ಒಂದೇ ಸಾಕು. ಪ್ಲಾಸ್ಟಿಕ್ ಕಿವಿಯ ತಿರುಪನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ಸಾಲದು. ಅಲೆನ್ ಕೀ ಹಾಕಿ ಬಿಗಿಯುವ ಲೋಹದ ತಿರುಪು ಹಾಕಿ.

7. ಲೋಹಕ್ಕೆ ಲೋಹ ಕೂಡುವ ಚಿಕ್ಕ ತಿರುಪುಗಳಿಗೆ ನೀಲಿ ಥ್ರೆಡ್‌ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಕೆಂಪು ಬೇಡ, ಅದನ್ನು ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಪ್ಲಾಸ್ಟಿಕ್ ಭಾಗಗಳಿಗೆ ಇದು ತಾಗದಂತೆ ನೋಡಿಕೊಳ್ಳಿ, ಕೆಲವು ಪ್ಲಾಸ್ಟಿಕ್ ಇದರಿಂದ ಬಿರುಕು ಬಿಡುತ್ತದೆ.

ಎಲ್ಲ ಆದಮೇಲೆ ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ. ಕ್ಯಾಮೆರಾ ವಿಂಡ್‌ಸ್ಕ್ರೀನ್‌ಗೆ ತಾಗುತ್ತಿದೆಯಾ? ಬ್ರೇಕ್ ಹಿಡಿದಾಗ ಬೆರಳಿಗೆ ಅಡ್ಡ ಬರುತ್ತಿದೆಯಾ? ಆಕ್ಸಿಲರೇಟರ್ ತಾನಾಗಿ ವಾಪಸ್ ಬರುತ್ತಿದೆಯಾ? ಮೀಟರ್, ಹೆಡ್‌ಲೈಟ್, ಇಂಡಿಕೇಟರ್ ಯಾವುದೂ ಮುಚ್ಚಿಲ್ಲ ತಾನೆ? ಇದರಲ್ಲಿ ಒಂದು ಕೈಕೊಟ್ಟರೂ ಮೌಂಟ್ ಬಿಚ್ಚಿ ಮೊದಲಿಂದ ಶುರು ಮಾಡಿ.

ಅಂಟಿಸುವ ಮೌಂಟ್

ಏಪ್ರನ್‌ನ ಮುಂಭಾಗಕ್ಕೆ, ಒಳಗಿನ ಗ್ಲವ್ ಬಾಕ್ಸ್ ಬಾಗಿಲ ಪಕ್ಕಕ್ಕೆ ಅಂಟು ಪ್ಯಾಡ್ ಚೆನ್ನಾಗಿ ಕೂರುತ್ತದೆ. ಆದರೆ ಮೊದಲು ಬೆರಳಿನಿಂದ ಆ ಜಾಗವನ್ನು ಬಡಿದು ನೋಡಿ. ಟೊಳ್ಳಾಗಿ ಡಬ್ ಡಬ್ ಅಂದರೆ ಅದು ತಮಟೆಯ ಚರ್ಮ ಇದ್ದ ಹಾಗೆ, ಎಂಜಿನ್ ಜೊತೆ ಬಡಿದುಕೊಳ್ಳುತ್ತದೆ. ಪ್ಯಾನೆಲ್‌ನ ಅಂಚು, ಮಡಿಕೆ, ತಿರುಪು ಹಾಕಿದ ಜಾಗದ ಹತ್ತಿರ ಗಟ್ಟಿ ಇರುತ್ತದೆ. ಅಲ್ಲಿ ಅಂಟಿಸಿ.

ಜನ ಅಂಟನ್ನು ದೂರುತ್ತಾರೆ. ನಿಜವಾಗಿ ತಪ್ಪು ಅವಸರದ್ದು. ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ. ಪಾಲಿಶ್ ಹಾಕಿದ ಮೈ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಚಳಿ ಇದ್ದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಒತ್ತಿ ಹಿಡಿಯಿರಿ. ಆಮೇಲೆ ಬಿಟ್ಟುಬಿಡಿ. 3ಎಂ ಕಂಪನಿಯ ವಿಎಚ್‌ಬಿ ಥರದ ಅಂಟು 20 ನಿಮಿಷದಲ್ಲಿ ಅರ್ಧದಷ್ಟು ಹಿಡಿಯುತ್ತದೆ, 24 ಗಂಟೆಗೆ ಶೇ. 90, ಪೂರ್ತಿ ಹಿಡಿಯಲು 72 ಗಂಟೆ. ರಾತ್ರಿ ಅಂಟಿಸಿ ಬೆಳಗ್ಗೆ ಹೊರಡುವುದು ಬೇಡ. ಒಂದು ದಿನವಾದರೂ ಕೊಡಿ.

ಒರಟಾದ ಮ್ಯಾಟ್ ಪ್ಲಾಸ್ಟಿಕ್‌ಗೆ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಸಕ್ಷನ್ ಕಪ್ಪಂತೂ ಇಲ್ಲವೇ ಇಲ್ಲ. ಸಕ್ಷನ್ ಕಪ್ ನುಣುಪಾದ ಹೊಳೆಯುವ ಬಣ್ಣದ ಮೇಲೆ ಮಾತ್ರ, ಅದೂ ಚಿಕ್ಕ ದೂರಕ್ಕೆ. ಬಿಸಿಲು ಏರಿದಂತೆ ಅದರ ಹಿಡಿತ ಸಡಿಲವಾಗುತ್ತದೆ. ವೆಸ್ಪಾದ ಹಾಗೆ ಉಕ್ಕಿನ ಮೈ ಇರುವ ಸ್ಕೂಟರ್‌ಗೆ ಮ್ಯಾಗ್ನೆಟ್ ಮೌಂಟ್ ಕೂಡ ಅಂಟುತ್ತದೆ. ನೇರವಾಗಿ ಎಳೆದರೆ ಅದು ಜಪ್ಪಯ್ಯ ಅಂದರೂ ಬರುವುದಿಲ್ಲ. ಪಕ್ಕಕ್ಕೆ ತಳ್ಳಿದರೆ ಮಾತ್ರ ಸುಮ್ನೆ ಜಾರುತ್ತದೆ, ಬಣ್ಣಕ್ಕೂ ಗೀರು.

ಎದೆ ಮತ್ತು ಹೆಲ್ಮೆಟ್

ಸ್ಕೂಟರ್ ಸವಾರರು ನೆಟ್ಟಗೆ ಕೂರುತ್ತಾರೆ. ಹಾಗಾಗಿ ಎದೆಗೆ ಕಟ್ಟುವ ಪಟ್ಟಿ ನಮಗೆ ಹೇಳಿ ಮಾಡಿಸಿದ್ದು. ರೇಸಿಂಗ್ ಬೈಕ್‌ನವರು ಮುಂದಕ್ಕೆ ಬಗ್ಗಿದರೆ ಅವರ ಎದೆಯ ಕ್ಯಾಮೆರಾಗೆ ಪೆಟ್ರೋಲ್ ಟ್ಯಾಂಕ್ ಕಾಣುತ್ತದೆ. ನಮ್ಮದಕ್ಕೆ ಎರಡು ಕೈ, ಮೀಟರ್, ರಸ್ತೆ ಮೂರೂ ಕಾಣುತ್ತವೆ. ಜೊತೆಗೆ ನಡುಕವನ್ನು ನುಂಗಲು ಮನುಷ್ಯನ ಮೈಗಿಂತ ಒಳ್ಳೆಯ ವಸ್ತು ಇಲ್ಲ. ಮೌಂಟ್ ಜೊತೆ ಗುದ್ದಾಡಲು ಇಷ್ಟವಿಲ್ಲದವರು ಇಲ್ಲಿಂದಲೇ ಶುರು ಮಾಡಿ. ಲೆನ್ಸ್ ಸ್ವಲ್ಪ ಮೇಲಕ್ಕೆ ನೋಡಲಿ, ಕೂತಾಗ ಅದು ಕೆಳಗೆ ಬಾಗುತ್ತದೆ. ಜಾಕೆಟ್‌ನ ಮೇಲೆ ಪಟ್ಟಿ ಬಿಗಿಯಾಗಿರಲಿ.

ಹೆಲ್ಮೆಟ್‌ನ ಗಲ್ಲದ ಭಾಗದಲ್ಲಿ ಕ್ಯಾಮೆರಾ ಇಟ್ಟರೆ ದೃಶ್ಯ ಕಣ್ಣಿನ ನೋಟಕ್ಕೆ ಬಹಳ ಹತ್ತಿರ ಬರುತ್ತದೆ. ತಲೆಯ ಮೇಲೆ ಕೊಂಬಿನ ಹಾಗೆ ಇಡಬೇಡಿ, ಗಾಳಿ ಕತ್ತನ್ನು ಎಳೆಯುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ. ಹೆಲ್ಮೆಟ್‌ಗೆ ತೂತು ಕೊರೆಯುವುದಂತೂ ಬೇಡವೇ ಬೇಡ. ಬಿದ್ದಾಗ ಕ್ಯಾಮೆರಾ ಕಳಚಿ ಹೋಗಬೇಕೇ ಹೊರತು ಹೆಲ್ಮೆಟ್ ಜೊತೆ ನೆಲಕ್ಕೆ ಸಿಕ್ಕಿಕೊಳ್ಳಬಾರದು. ಹೆಲ್ಮೆಟ್‌ಗೆ ಕ್ಯಾಮೆರಾ ಹಾಕುವುದಕ್ಕೆ ಕೆಲವು ಕಡೆ ಅನುಮತಿಯೇ ಇಲ್ಲ. ನೀವಿರುವಲ್ಲಿನ ನಿಯಮ ನೋಡಿಕೊಂಡೇ ಕೈ ಹಾಕಿ.

ಒಂದು ದಾರ

ಹ್ಯಾಂಡಲ್‌ಗೋ ಸ್ಕೂಟರ್‌ನ ಮೈಗೋ ಕೂರಿಸಿದ ಕ್ಯಾಮೆರಾಗೆ ದಾರ ಇರಲೇಬೇಕು. ನೈಲಾನ್ ಹುರಿ ಅಥವಾ ತೆಳು ಸ್ಟೀಲ್ ತಂತಿ. ಒಂದು ತುದಿ ಕ್ಯಾಮೆರಾದ ಚೌಕಟ್ಟಿಗೆ, ಇನ್ನೊಂದು ತುದಿ ಮೌಂಟ್‌ಗೆ ಸಂಬಂಧವಿಲ್ಲದ ಬೇರೆ ಗಟ್ಟಿ ಭಾಗಕ್ಕೆ. ಮೌಂಟ್‌ಗೇ ಕಟ್ಟಿದರೆ ಮೌಂಟ್ ಸಮೇತ ಬೀಳುತ್ತದೆ. ಗಿಡ್ಡ ದಾರ ಸಾಕು. ಕ್ಯಾಮೆರಾ ಕಳಚಿ ಜೋತುಬಿದ್ದರೂ ಚಕ್ರಕ್ಕೆ, ಬ್ರೇಕ್ ಲಿವರ್‌ಗೆ ಎಟುಕಬಾರದು. ನನ್ನ ಕ್ಯಾಮೆರಾ ಒಮ್ಮೆ ಗುಂಡಿಯೊಂದರಲ್ಲಿ ಕಳಚಿ, ಮೊಣಕಾಲಿನ ಹತ್ತಿರ ತೂಗಾಡುತ್ತಾ ಅರ್ಧ ಕಿಲೋಮೀಟರ್ ನನ್ನ ಚಪ್ಪಲಿಯನ್ನೇ ಚಿತ್ರ ತೆಗೆದಿತ್ತು. ಆ ವಿಡಿಯೊ ಇನ್ನೂ ಇಟ್ಟುಕೊಂಡಿದ್ದೇನೆ. ಎದೆ, ಹೆಲ್ಮೆಟ್‌ಗಳಲ್ಲಿ ಮಾತ್ರ ದಾರವನ್ನು ಕುತ್ತಿಗೆಗೆ ಸುತ್ತಬೇಡಿ.

ಸೆಟ್ಟಿಂಗ್

ಮೌಂಟ್ ಗಟ್ಟಿಯಾದಮೇಲೆ ಇಲ್ಲಿಗೆ ಬನ್ನಿ. 4ಕೆ, ಸೆಕೆಂಡಿಗೆ 30 ಫ್ರೇಮ್ ಹೆಚ್ಚಿನ ಕೆಲಸಕ್ಕೆ ಸಾಕು. ನಿಧಾನಗತಿ ತೋರಿಸಬೇಕಿದ್ದರೆ 60. ಸ್ಟೆಬಿಲೈಸೇಶನ್ ಆನ್ ಇರಲಿ. ಆದರೆ ಒಂದು ವಿಚಿತ್ರ ಗಮನಿಸಿ. ಕ್ಯಾಮೆರಾ ತನ್ನ ಗೈರೊ (ತಿರುಗಾಟ ಅಳೆಯುವ ಸೆನ್ಸರ್) ನೋಡಿಕೊಂಡು ಹೊರಗಿನ ಜಗತ್ತನ್ನು ನಿಲ್ಲಿಸುತ್ತದೆ. ಆಗ ಚೌಕಟ್ಟಿನಲ್ಲಿರುವ ಹ್ಯಾಂಡಲ್, ಮೀಟರ್ ಅಲುಗಾಡುವ ಹಾಗೆ ಕಾಣುತ್ತವೆ. ಅದು ಮೌಂಟ್‌ನ ದೋಷ ಅಲ್ಲ. ಜಾಸ್ತಿ ಅನ್ನಿಸಿದರೆ ಸ್ಟೆಬಿಲೈಸೇಶನ್ ಮಟ್ಟ ಇಳಿಸಿ, ಇಲ್ಲವೇ ಹ್ಯಾಂಡಲ್ ಕಾಣುವುದನ್ನು ಕಡಿಮೆ ಮಾಡಿ.

ಹೊರೈಜನ್ ಲಾಕ್ ಹಾಕಿದರೆ ನೆಲ ಮಟ್ಟವಾಗಿರುತ್ತದೆ, ತಿರುವಿನಲ್ಲಿ ಸ್ಕೂಟರ್ ವಾಲುವುದು ಕಾಣುತ್ತದೆ. ಹಾಕದಿದ್ದರೆ ಸ್ಕೂಟರ್ ನೆಟ್ಟಗಿದ್ದು ಜಗತ್ತೇ ವಾಲುತ್ತದೆ. ನನಗೆ ಎರಡನೆಯದೇ ಇಷ್ಟ. ಸವಾರಿ ಮಾಡುವಾಗ ಹಾಗೇ ಅನ್ನಿಸುತ್ತದಲ್ಲ.

ಈಗ ಶಟರ್, ಅಂದರೆ ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು. ಸುಡು ಬಿಸಿಲಿನಲ್ಲಿ ಆಟೊ ಮೋಡ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಹೋಗುತ್ತದೆ. ಪ್ರತಿ ಫ್ರೇಮ್ ಚೂಪಾಗಿದ್ದು ವಿಡಿಯೊ ಕಟಕಟ ಅಂತ ಹಾರಿದ ಹಾಗೆ ಕಾಣುತ್ತದೆ. ರಸ್ತೆಯ ಪಕ್ಕ ಮೆತ್ತಗೆ ಹರಿದುಹೋಗಬೇಕು ಅಂದರೆ 30 ಫ್ರೇಮ್‌ಗೆ 1/60 ಶಟರ್ ಇಡುವುದು ಹಳೆಯ ರೂಢಿ. ಅಷ್ಟು ಬೆಳಕು ತಡೆಯಲು ಎನ್‌ಡಿ ಫಿಲ್ಟರ್, ಅಂದರೆ ಲೆನ್ಸ್ ಮೇಲೆ ಹಾಕುವ ಕಪ್ಪು ಗಾಜು ಬೇಕು. ಎನ್‌ಡಿ16 ಹಾಕಿದರೆ ಹದಿನಾರರಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತದೆ, ಸಾವಿರದ ಒಂದು ಭಾಗ ಇದ್ದ ಶಟರ್ ಸರಿಯಾಗಿ 1/60ರ ಹತ್ತಿರ ಇಳಿಯುತ್ತದೆ. ಆದರೆ ನೆನಪಿದೆಯಲ್ಲ, ಸೆಕೆಂಡಿಗೆ 100 ಅದುರು? 1/60 ಸೆಕೆಂಡು ತೆರೆದಿರುವ ಶಟರ್‌ನಲ್ಲಿ ಒಂದೂವರೆ ಅದುರಾಟ ಕೂತುಬಿಡುತ್ತದೆ, ಚಿತ್ರ ಮಸುಕು. ಹಾಗಾಗಿ ಹ್ಯಾಂಡಲ್ ಮೇಲಿನ ಕ್ಯಾಮೆರಾಗೆ ನಾನು 1/120ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಎನ್‌ಡಿ8 ಸಾಕು. ಎದೆಯ ಕ್ಯಾಮೆರಾಗೆ 1/60 ಧೈರ್ಯವಾಗಿ ಇಡಬಹುದು. ಸಂಜೆಯಾದಮೇಲೆ ಫಿಲ್ಟರ್ ತೆಗೆಯಲು ಮರೆಯಬೇಡಿ.

ಎಷ್ಟು ಮಾಡಿದರೂ ಸ್ವಲ್ಪ ಬಳುಕು ಉಳಿದರೆ ಗೈರೊಫ್ಲೋ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಕ್ಯಾಮೆರಾ ಬರೆದಿಟ್ಟ ಗೈರೊ ಮಾಹಿತಿ ಓದಿ ಕಂಪ್ಯೂಟರ್‌ನಲ್ಲಿ ಸರಿಮಾಡುತ್ತದೆ. ಅದನ್ನು ಬಳಸುವುದಾದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಒಳಗಿನ ಸ್ಟೆಬಿಲೈಸೇಶನ್ ಆಫ್ ಮಾಡಿ ಶೂಟ್ ಮಾಡಬೇಕು.

ಸದ್ದು

ಹೊರಗಿರುವ ಕ್ಯಾಮೆರಾದ ಮೈಕ್‌ಗೆ ಗಾಳಿ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಎಂಜಿನ್ ಸದ್ದು ಬೇಕಿದ್ದರೆ ಚಿಕ್ಕ ರೆಕಾರ್ಡರ್ ಅಥವಾ ಹಳೆಯ ಫೋನನ್ನು ಬಟ್ಟೆಯಲ್ಲಿ ಸುತ್ತಿ ಏಪ್ರನ್ ಹಿಂದಿನ ಪೆಟ್ಟಿಗೆಯಲ್ಲಿಡಿ. ಅಲ್ಲಿ ಗಾಳಿ ಇಲ್ಲ. ಮಾತು ಬೇಕಿದ್ದರೆ ಕಾಲರ್ ಮೈಕ್ ಒಂದನ್ನು ಹೆಲ್ಮೆಟ್‌ನ ಒಳಗೆ, ಗಲ್ಲದ ಮೆತ್ತೆಯ ಹತ್ತಿರ ಸಿಕ್ಕಿಸಿ. ಎರಡೂ ರೆಕಾರ್ಡಿಂಗ್ ಶುರುವಾದಮೇಲೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಆ ಚಪ್ಪಾಳೆಗೆ ಚಪ್ಪಾಳೆ ಕೂಡಿಸಿದರೆ ಸದ್ದೂ ಚಿತ್ರವೂ ಒಂದಾಗುತ್ತವೆ.

ಬ್ಯಾಟರಿ, ಕಾರ್ಡ್

4ಕೆ ಶೂಟ್ ಮಾಡಿದರೆ ಆ್ಯಕ್ಷನ್ ಕ್ಯಾಮೆರಾದ ಬ್ಯಾಟರಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಇನ್ನೊಂದು ಬ್ಯಾಟರಿ ಜೇಬಲ್ಲಿರಲಿ. ಪವರ್ ಬ್ಯಾಂಕ್‌ನಿಂದ ತಂತಿ ಎಳೆಯಬಹುದು. ಆದರೆ ಪವರ್ ಬ್ಯಾಂಕನ್ನು ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಇಡಬೇಡಿ. ಅದರ ಕೆಳಗೇ ಎಂಜಿನ್ ಇರುತ್ತದೆ, ಡಿಕ್ಕಿ ಬಿಸಿಯಾಗುತ್ತದೆ. ತಂತಿಯನ್ನು ಕ್ಯಾಮೆರಾದ ಹತ್ತಿರ ಒಂದು ಸುತ್ತು ಸಡಿಲ ಬಿಟ್ಟು ಕಟ್ಟಿ. ಇಲ್ಲದಿದ್ದರೆ ನಡುಕಕ್ಕೆ ಪಿನ್ ಮೆಲ್ಲಗೆ ಹೊರಬರುತ್ತದೆ. ಆಕ್ಸಿಲರೇಟರ್, ಬ್ರೇಕ್ ಕೇಬಲ್‌ಗಳ ಜೊತೆ ಮಾತ್ರ ಸೇರಿಸಿ ಕಟ್ಟಬೇಡಿ. ಹ್ಯಾಂಡಲ್ ತಿರುಗಿಸಿದಾಗ ತಂತಿ ಕೇಬಲನ್ನು ಎಳೆದರೆ ಸ್ಕೂಟರ್ ತಾನಾಗಿ ವೇಗ ಹಿಡಿಯಬಹುದು.

ಚಾರ್ಜಿಂಗ್ ಬಾಗಿಲು ತೆರೆದಿದ್ದರೆ ಮಳೆಗೆ ರಕ್ಷಣೆ ಇಲ್ಲ. 10 ಮೀಟರ್ ಆಳದವರೆಗೂ ನೀರು ತಡೆಯುವ ಕ್ಯಾಮೆರಾ ಕೂಡ ಆ ಬಾಗಿಲು ಮುಚ್ಚಿದ್ದರೆ ಮಾತ್ರ ಹಾಗೆ.

ಬಿಸಿಲಲ್ಲಿ ನಿಂತಾಗ ಕ್ಯಾಮೆರಾ ಬಿಸಿಯಾಗುತ್ತದೆ, ಓಡುವಾಗ ಗಾಳಿಗೆ ತಣ್ಣಗಾಗುತ್ತದೆ. ಹಾಗಾಗಿ ಬಹಳ ಹೊತ್ತು ನಿಲ್ಲುವುದಾದರೆ ಆಫ್ ಮಾಡಿ.

ಕಾರ್ಡ್ ಮೇಲೆ ವಿ30 ಅಂತ ಬರೆದಿರಲಿ. ಸೆಕೆಂಡಿಗೆ ಕಡೇ ಪಕ್ಷ 30 ಮೆಗಾಬೈಟ್ ಬರೆಯುತ್ತದೆ ಅಂತ ಅದರ ಅರ್ಥ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಶೂಟ್ ಮಾಡಿದರೆ ಗಂಟೆಗೆ 45 ಜಿಬಿ ತುಂಬುತ್ತದೆ. 60 ಮೆಗಾಬಿಟ್ ಆದರೆ 27. ಒಂದು ಸವಾರಿಯ ವಿಡಿಯೊ ಹಲವು ತುಂಡುಗಳಾಗಿ ಸಿಕ್ಕರೆ ಗಾಬರಿ ಬೇಡ, ಕ್ಯಾಮೆರಾ ತಾನೇ ಹಾಗೆ ಕತ್ತರಿಸುತ್ತದೆ, ಜೋಡಿಸಿದರೆ ಒಂದಾಗುತ್ತದೆ.

ಹೊರಡುವ ಮೊದಲು ಒಂದು ಪರೀಕ್ಷೆ

ಬಯಲಿನಲ್ಲಿ ಸ್ಕೂಟರ್ ನಿಲ್ಲಿಸಿ, ಬ್ರೇಕ್ ಹಿಡಿದು, ಎಂಜಿನ್ ಸುಮ್ನೆ ಓಡಲು ಬಿಡಿ. ಆಕ್ಸಿಲರೇಟರ್ ತಿರುಗಿಸಬೇಡಿ. ಇನ್ನೊಬ್ಬರ ಕೈಯಲ್ಲಿ ಫೋನ್ ಕೊಟ್ಟು ಮೌಂಟನ್ನು ಸ್ಲೋ ಮೋಷನ್‌ನಲ್ಲಿ ಚಿತ್ರ ತೆಗೆಸಿ. ಸೆಕೆಂಡಿಗೆ 240 ಫ್ರೇಮ್ ಇದ್ದರೆ ಇನ್ನೂ ಒಳ್ಳೆಯದು. ಬರಿಗಣ್ಣಿಗೆ ನಿಂತ ಹಾಗೆ ಕಾಣುವ ಕ್ಯಾಮೆರಾ ಅದರಲ್ಲಿ ಕುಣಿಯುವುದು ನೋಡಿದರೆ ಆಶ್ಚರ್ಯವಾಗುತ್ತದೆ. ಯಾವ ಕೀಲಿನಿಂದ ಆಚೆ ಕುಣಿತ ಶುರುವಾಗುತ್ತದೋ ಅದೇ ಕಳ್ಳ. ಅದನ್ನು ಬಿಗಿಯಿರಿ, ಇಲ್ಲವೇ ತೆಗೆಯಿರಿ.

ಆಮೇಲೆ ಐದು ನಿಮಿಷದ ಸವಾರಿ. ನಿಧಾನ, ಮಧ್ಯಮ, ನೀವು ಸಾಮಾನ್ಯವಾಗಿ ಓಡಿಸುವ ವೇಗ, ಮೂರರಲ್ಲೂ ಒಂದೊಂದು ನಿಮಿಷ. ಕೆಲವು ಮೌಂಟ್‌ಗಳು 30ರಲ್ಲಿ ಕಲ್ಲಿನ ಹಾಗಿದ್ದು 45ರಲ್ಲಿ ಹುಚ್ಚೆದ್ದು ಕುಣಿಯುತ್ತವೆ. ವಾಪಸ್ ಬಂದು ದೊಡ್ಡ ಪರದೆಯಲ್ಲಿ ನೋಡಿ. ಫೋನ್ ಪರದೆಯಲ್ಲಿ ಎಲ್ಲ ವಿಡಿಯೊನೂ ಚೆನ್ನಾಗೇ ಕಾಣುತ್ತದೆ.

ನಿಂತಾಗಲೇ ರೆಕಾರ್ಡ್ ಒತ್ತಿ, ನಿಂತಮೇಲೆಯೇ ಆಫ್ ಮಾಡಿ. ನಡುವೆ ಕೆಂಪು ದೀಪ ಉರಿಯುತ್ತಿದೆಯಾ ಅಂತ ಬಗ್ಗಿ ನೋಡುವ ಚಪಲ ಬರುತ್ತದೆ. ಬೀಪ್ ಸದ್ದು ಆನ್ ಇಟ್ಟರೆ ಆ ಚಪಲ ಅರ್ಧ ಕಡಿಮೆಯಾಗುತ್ತದೆ. ವಿಡಿಯೊ ಹಂಚಿಕೊಳ್ಳುವ ಮೊದಲು ಅಪರಿಚಿತರ ಮುಖ, ಬೇರೆಯವರ ನಂಬರ್ ಪ್ಲೇಟ್ ಮಸುಕು ಮಾಡಿ. ನಿಮ್ಮ ಮನೆಯ ಗೇಟಿನಿಂದ ಶುರುವಾಗುವ ಮೊದಲ ನಿಮಿಷ ಕತ್ತರಿಸಿ ಹಾಕಿ.

ಕೊನೆಯದಾಗಿ ಒಂದು ಚಿಕ್ಕ ಉಪಾಯ. ಬಿಗಿದ ಪ್ರತಿ ನಟ್ ಮೇಲಿನಿಂದ ಪಕ್ಕದ ಲೋಹದವರೆಗೆ ಬಿಳಿ ಪೇಂಟ್ ಪೆನ್ನಿನಿಂದ ಒಂದು ನೇರ ಗೆರೆ ಎಳೆಯಿರಿ. ನಟ್ ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಮೊದಲ 100 ಕಿಲೋಮೀಟರ್ ಆದಮೇಲೆ ನೋಡಿ, ಆಮೇಲೆ ಪ್ರತಿ ಸಲ ಹೊರಡುವಾಗ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಹೊಸ ಮೌಂಟ್ ಮೊದಲ ವಾರದಲ್ಲೇ ಒಮ್ಮೆ ಸಡಿಲವಾಗುವುದು ಸಹಜ. ಮತ್ತೆ ಬಿಗಿದು, ಹಳೆಯ ಗೆರೆ ಒರೆಸಿ, ಹೊಸದು ಎಳೆಯಿರಿ.